ವಿಜ್ಞಾನದ ಜೊತೆಗೆ ಕಾನೂನು: ಬಿಎಸ್ಸಿ, ಎಲ್‌ಎಲ್‌ಬಿ ಎರಡನ್ನೂ ಓದುವವರಿಗೆ ಸಮಗ್ರ ಮಾರ್ಗದರ್ಶಿ

ಪಿಯುಸಿ ಸೈನ್ಸ್ ಮುಗಿಸಿದ ಹುಡುಗನೋ ಹುಡುಗಿಯೋ ಲಾ ಓದುತ್ತೇನೆ ಎಂದರೆ ಮನೆಯಲ್ಲಿ ಮೊದಲು ಕೇಳಿಬರುವುದು "ಹಾಗಾದರೆ ಎರಡು ವರ್ಷ ಫಿಸಿಕ್ಸ್, ಕೆಮಿಸ್ಟ್ರಿ ಅಂತ ಒದ್ದಾಡಿದ್ದೆಲ್ಲ ದಂಡವಾ?" ಎನ್ನುವ ಪ್ರಶ್ನೆ. ದಂಡವಲ್ಲ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಯ ಕ್ಯಾನ್ಸರ್ ಔಷಧದ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿತು. ಆ ತೀರ್ಪಿನಲ್ಲಿ ಚರ್ಚೆಯಾದದ್ದು ಇಮ್ಯಾಟಿನಿಬ್ ಮೆಸಿಲೇಟ್ ಎಂಬ ವಸ್ತುವಿನ ಬೀಟಾ ಹರಳಿನ ರೂಪ. ಅದರ ಪುಡಿ ಚೆನ್ನಾಗಿ ಹರಿಯುತ್ತದೆ, ತೇವ ಕಡಿಮೆ ಹೀರುತ್ತದೆ, ಹೆಚ್ಚು ಸ್ಥಿರ ಎಂದು ಕಂಪನಿ ಹೇಳಿತು. ಇವು ಒಳ್ಳೆಯ ಗುಣಗಳೇ ಇರಬಹುದು, ಆದರೆ ರೋಗ ವಾಸಿಮಾಡುವ ಶಕ್ತಿ ಹೆಚ್ಚಿದೆ ಎಂದು ಇವು ತೋರಿಸುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಪೇಟೆಂಟ್ ಕಾಯ್ದೆಯ 3(ಡಿ) ಕಲಂ ಕೇಳುವುದು ಆ ಶಕ್ತಿಯನ್ನೇ. ಹರಳಿನ ರಚನೆ ಗೊತ್ತಿಲ್ಲದ ವಕೀಲನಿಗೆ ಈ ವಾದ ಅರ್ಧ ಮಾತ್ರ ಅರ್ಥವಾಗುತ್ತದೆ. ಕಲಂ ಗೊತ್ತಿಲ್ಲದ ರಸಾಯನಶಾಸ್ತ್ರಜ್ಞನಿಗೆ ಉಳಿದರ್ಧ.

ಎರಡನ್ನೂ ಓದಬೇಕು ಎಂದು ನಿರ್ಧರಿಸಿದವರಿಗೆ ದಾರಿ ಯಾವುದು, ಎಲ್ಲಿ ಎಡವುತ್ತಾರೆ, ದಿನದ ಓದನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಹೇಳಿದೆ.

ಹಂತ 1: ಮೊದಲು ಕೆಲಸ, ಆಮೇಲೆ ಕೋರ್ಸ್

ಕೋರ್ಸಿನ ಹೆಸರು ನೋಡಿ ಸೇರುವುದು ಸಾಮಾನ್ಯ ತಪ್ಪು. ವಿಜ್ಞಾನವೂ ಕಾನೂನೂ ಕೂಡುವ ಕೆಲಸಗಳು ಮುಖ್ಯವಾಗಿ ನಾಲ್ಕು: ಪೇಟೆಂಟ್, ವಿಧಿವಿಜ್ಞಾನದ ಸಾಕ್ಷ್ಯವಿರುವ ಕ್ರಿಮಿನಲ್ ಪ್ರಕರಣಗಳು, ಪರಿಸರ, ಸೈಬರ್ ಮತ್ತು ದತ್ತಾಂಶ. ಒಂದೊಂದಕ್ಕೆ ಬೇಕಾಗುವ ವಿಜ್ಞಾನದ ಆಳ ಬೇರೆ ಬೇರೆ.

ಪೇಟೆಂಟಿಗೆ ಆಳ ಹೆಚ್ಚು ಬೇಕು. ಔಷಧ ಮತ್ತು ಜೈವಿಕ ತಂತ್ರಜ್ಞಾನದ ಕಡೆ ಬರೇ ಬಿಎಸ್ಸಿ ಸಾಲದೆ ಎಂಎಸ್ಸಿ ಕೇಳುವುದು ರೂಢಿ. ಕ್ರಿಮಿನಲ್ ವಕೀಲಿಗೆ ಆಳಕ್ಕಿಂತ ಹರವು ಮುಖ್ಯ. ರಕ್ತ, ವಿಷ, ಬೆರಳಚ್ಚು, ಡಿಎನ್‌ಎ, ಮೊಬೈಲ್ ದತ್ತಾಂಶ ಎಲ್ಲದರ ವರದಿಯನ್ನೂ ಓದಿ ಅದರ ಸಡಿಲು ಜಾಗ ಹಿಡಿಯುವಷ್ಟು ತಿಳಿದಿರಬೇಕು. ಪರಿಸರಕ್ಕೆ ರಸಾಯನಶಾಸ್ತ್ರ, ಜೀವಶಾಸ್ತ್ರ ಎರಡೂ ಒದಗುತ್ತವೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ನ್ಯಾಯಾಂಗ ಸದಸ್ಯರ ಪಕ್ಕದಲ್ಲೇ ತಜ್ಞ ಸದಸ್ಯರು ಕೂರುತ್ತಾರೆ. ಕರ್ನಾಟಕದ ಪ್ರಕರಣಗಳು ಚೆನ್ನೈನಲ್ಲಿರುವ ದಕ್ಷಿಣ ಪೀಠದ ವ್ಯಾಪ್ತಿಗೆ ಬರುತ್ತವೆ. ಅಲ್ಲಿ ನೀರಿನ ಮಾದರಿಯ ಬಿಒಡಿ (ನೀರಿನಲ್ಲಿರುವ ಸಾವಯವ ಕಲ್ಮಶ ಕೊಳೆಯಲು ಬೇಕಾಗುವ ಆಮ್ಲಜನಕದ ಅಳತೆ) ಅಂಕಿ ಓದಲು ಬಾರದ ವಕೀಲ ಬೇಗ ಸಿಕ್ಕಿಬೀಳುತ್ತಾನೆ.

ಹಂತ 2: ಐದು ವರ್ಷವೋ, ಆರು ವರ್ಷವೋ

ಭಾರತದಲ್ಲಿ ದಾರಿ ಎರಡು. ಪಿಯುಸಿ ಮುಗಿದ ಕೂಡಲೇ 5 ವರ್ಷದ ಸಂಯುಕ್ತ ಬಿಎಸ್ಸಿ ಎಲ್‌ಎಲ್‌ಬಿ ಒಂದು. 3 ವರ್ಷ ಬಿಎಸ್ಸಿ ಓದಿ, ಆಮೇಲೆ 3 ವರ್ಷದ ಎಲ್‌ಎಲ್‌ಬಿ ಇನ್ನೊಂದು.

ಸಂಯುಕ್ತ ಬಿಎ ಎಲ್‌ಎಲ್‌ಬಿ, ಬಿಬಿಎ ಎಲ್‌ಎಲ್‌ಬಿ ಊರೂರಿಗೂ ಸಿಗುತ್ತವೆ, ಬಿಎಸ್ಸಿ ಎಲ್‌ಎಲ್‌ಬಿ ಹಾಗಲ್ಲ. ಗಾಂಧಿನಗರದ ಗುಜರಾತ್ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ, ಅದೇ ಊರಿನ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ, ಕೋಲ್ಕತ್ತದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಇದನ್ನು ನಡೆಸಿಕೊಂಡು ಬಂದಿವೆ. ಕೋಲ್ಕತ್ತದ್ದು ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನಕ್ಕೆ ಒತ್ತು ಕೊಟ್ಟ ಕೋರ್ಸು. ಪ್ರತಿ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ಆ ಕೋರ್ಸು ಇದೆಯೇ, ಎಷ್ಟು ಸೀಟು, ಯಾವ ಪರೀಕ್ಷೆಯ ಮೂಲಕ ಎಂಬುದನ್ನು ನೋಡಿಯೇ ಮುಂದುವರಿಯಿರಿ.

ಆರು ವರ್ಷದ ದಾರಿ ಕರ್ನಾಟಕದ ವಿದ್ಯಾರ್ಥಿಗೆ ಹೆಚ್ಚು ಹತ್ತಿರ. ಬಿಎಸ್ಸಿ ಎಲ್ಲ ಜಿಲ್ಲೆಗಳಲ್ಲೂ ಸಿಗುತ್ತದೆ. ಹುಬ್ಬಳ್ಳಿಯ ನವನಗರದಲ್ಲಿ ಕೇಂದ್ರ ಕಚೇರಿಯಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿ 3 ವರ್ಷದ ಎಲ್‌ಎಲ್‌ಬಿ ಕಾಲೇಜುಗಳು ರಾಜ್ಯದ ಉದ್ದಗಲಕ್ಕೂ ಇವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೂ 2022ರಿಂದ 3 ವರ್ಷದ ಎಲ್‌ಎಲ್‌ಬಿ ನಡೆಸುತ್ತಿದೆ, ಅದಕ್ಕೆ ತನ್ನದೇ ಪ್ರವೇಶ ಪರೀಕ್ಷೆ ಇಟ್ಟಿದೆ. ಪೇಟೆಂಟೇ ಗುರಿಯಾದರೆ ಐಐಟಿ ಖರಗ್‌ಪುರದ ಬೌದ್ಧಿಕ ಆಸ್ತಿ ಕಾನೂನು ಶಾಲೆಯ 3 ವರ್ಷದ ಎಲ್‌ಎಲ್‌ಬಿಯನ್ನೂ ನೋಡಬಹುದು. ಅದು ಎಂಜಿನಿಯರಿಂಗ್, ಎಂಬಿಬಿಎಸ್, ಎಂಎಸ್ಸಿಯಂಥ ಓದು ಮುಗಿಸಿ ಬರುವವರನ್ನು ನೆಚ್ಚಿ ಕಟ್ಟಿದ ಕೋರ್ಸು.

ನಮ್ಮ ಅಭಿಪ್ರಾಯ ಸ್ಪಷ್ಟ: ಗುರಿ ಪೇಟೆಂಟ್ ಆದರೆ ಆರು ವರ್ಷದ ದಾರಿ ಹಿಡಿಯಿರಿ. ಸಂಯುಕ್ತ ಕೋರ್ಸಿನಲ್ಲಿ ವಿಜ್ಞಾನಕ್ಕೆ ಸಿಗುವ ತಾಸುಗಳು, ಅದರಲ್ಲೂ ಲ್ಯಾಬಿನ ತಾಸುಗಳು, ಪೂರ್ಣ ಬಿಎಸ್ಸಿಯಷ್ಟು ಇರುವುದಿಲ್ಲ. ಉಳಿಯುವ ಒಂದು ವರ್ಷದ ಬೆಲೆ ಅಲ್ಲಿ ತೆರಬೇಕಾಗುತ್ತದೆ. ಕ್ರಿಮಿನಲ್ ವಕೀಲಿ ಅಥವಾ ನ್ಯಾಯಾಂಗ ಸೇವೆ ಗುರಿಯಾದರೆ ಸಂಯುಕ್ತ ಕೋರ್ಸು ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಐದು ವರ್ಷ ಪೂರ್ತಿ ಕಾನೂನಿನ ವಾತಾವರಣದಲ್ಲೇ ಇರುತ್ತೀರಿ.

ಹಂತ 3: ಸೇರುವ ಮುನ್ನ ತಿಳಿದಿರಲೇಬೇಕಾದ ನಿಯಮಗಳು

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳನ್ನು ಸೇರುವ ಮೊದಲೇ ಓದಿ. ವಿದ್ಯಾರ್ಥಿಗಳು ಸಿಕ್ಕಿಹಾಕಿಕೊಳ್ಳುವುದು ಈ ನಾಲ್ಕು ಕಡೆ.

ಅಂಕ. ಸಂಯುಕ್ತ ಕೋರ್ಸಿಗೆ ಪಿಯುಸಿಯಲ್ಲಿ, 3 ವರ್ಷದ ಕೋರ್ಸಿಗೆ ಪದವಿಯಲ್ಲಿ ಕನಿಷ್ಠ ಶೇ 45 ಬೇಕು. ಹಿಂದುಳಿದ ವರ್ಗದವರಿಗೆ ಶೇ 42, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 40. ಬಿಎಸ್ಸಿಯಲ್ಲಿ ಬಾಕಿ ವಿಷಯಗಳನ್ನು ಎಳೆದುಕೊಂಡು ಹೋಗಿ ಕೊನೆಗೆ ಶೇ 44ಕ್ಕೆ ನಿಂತರೆ ಸಾಮಾನ್ಯ ವರ್ಗದವರಿಗೆ ಎಲ್‌ಎಲ್‌ಬಿ ಬಾಗಿಲು ಮುಚ್ಚಿತು.

ನಡುವೆ ಬಿಡುವಂತಿಲ್ಲ. ಸಂಯುಕ್ತ ಕೋರ್ಸನ್ನು ಮೂರನೇ ವರ್ಷಕ್ಕೆ ಬಿಟ್ಟರೆ ಬಿಎಸ್ಸಿ ಪದವಿ ಸಿಗುತ್ತದೆ ಎಂದು ಎಷ್ಟೋ ಪೋಷಕರು ನಂಬಿದ್ದಾರೆ. ಸಿಗುವುದಿಲ್ಲ. ಜೋಡಿ ಪದವಿಯನ್ನು ಒಡೆದು ಮಧ್ಯದಲ್ಲಿ ಪದವಿ ಕೊಡುವುದನ್ನೂ, ಬಿಎಸ್ಸಿ ಆಗಿದೆ ಎಂದು ಮಧ್ಯದ ವರ್ಷಕ್ಕೆ ಸೇರಿಸಿಕೊಳ್ಳುವುದನ್ನೂ ನಿಯಮ ತಡೆಯುತ್ತದೆ. ಎರಡು ವರ್ಷ ಓದಿ "ನನಗೆ ಕಾನೂನು ಹಿಡಿಸಲಿಲ್ಲ" ಎಂದರೆ ಬಿಎಸ್ಸಿ ಮೊದಲಿನಿಂದಲೇ ಶುರು. ಮನಸ್ಸು ಗಟ್ಟಿಯಿಲ್ಲದವರಿಗೆ ಆರು ವರ್ಷದ ದಾರಿ ಈ ಕಾರಣಕ್ಕೂ ಕ್ಷೇಮ.

ಎರಡು ರೆಗ್ಯುಲರ್ ಪದವಿ ಒಟ್ಟಿಗೆ ಇಲ್ಲ. ಯುಜಿಸಿ 2022ರಲ್ಲಿ ಏಕಕಾಲಕ್ಕೆ ಎರಡು ಪದವಿಗೆ ಅವಕಾಶ ಕೊಟ್ಟಿತು. ಅದನ್ನು ಓದಿ ಬೆಳಿಗ್ಗೆ ಎಲ್‌ಎಲ್‌ಬಿ, ಮಧ್ಯಾಹ್ನ ಎಂಎಸ್ಸಿ ಎಂದು ಯೋಜನೆ ಹಾಕಬೇಡಿ. ಕಾನೂನು ಪದವಿಗೆ ವಕೀಲರ ಪರಿಷತ್ತಿನ ನಿಯಮ ಅಡ್ಡ ನಿಲ್ಲುತ್ತದೆ. ಭಾಷೆ ಮತ್ತು ಕಂಪ್ಯೂಟರಿನ ಅಲ್ಪಾವಧಿ ಸರ್ಟಿಫಿಕೇಟ್ ಕೋರ್ಸು, ದೂರಶಿಕ್ಷಣ ಕೇಂದ್ರದ ಕೋರ್ಸುಗಳಿಗೆ ಮಾತ್ರ ವಿನಾಯಿತಿಯಿದೆ. ಸನದು, ಅಂದರೆ ವಕೀಲಿ ನಡೆಸುವ ಪರವಾನಗಿ, ಪಡೆಯುವಾಗ ಅಂಕಪಟ್ಟಿಗಳ ವರ್ಷಗಳು ಒಂದರ ಮೇಲೊಂದು ಬಿದ್ದಿದ್ದರೆ ಉತ್ತರ ಕೊಡಬೇಕಾಗುತ್ತದೆ.

ಪದವಿ ಪತ್ರದ ರೂಪ. ಕಾಲೇಜಿನವರನ್ನು ನೇರವಾಗಿ ಕೇಳಿ: ಪ್ರಮಾಣಪತ್ರ ಒಂದೋ ಎರಡೋ? ಅಂಕಪಟ್ಟಿಯಲ್ಲಿ ವಿಜ್ಞಾನದ ಪತ್ರಿಕೆಗಳು ಪ್ರತ್ಯೇಕವಾಗಿ, ಲ್ಯಾಬಿನ ಕ್ರೆಡಿಟ್ ಸಮೇತ ಕಾಣುತ್ತವೆಯೇ? ಹಿಂದಿನ ತಂಡದವರು ಯಾರಾದರೂ ಎಂಎಸ್ಸಿಗೆ ಸೇರಿದ್ದಾರೆಯೇ? ಬಹುತೇಕ ಎಂಎಸ್ಸಿ ವಿಭಾಗಗಳು ಪದವಿಯಲ್ಲಿ ಆ ವಿಷಯವನ್ನು ಎಷ್ಟು ಸೆಮಿಸ್ಟರ್ ಓದಿದ್ದೀರಿ ಎಂದು ಎಣಿಸುತ್ತವೆ. ಉತ್ತರವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ, ಬಾಯಿಮಾತು ನೆಚ್ಚಬೇಡಿ.

ಹಂತ 4: ಪ್ರವೇಶ ಪರೀಕ್ಷೆ

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪರೀಕ್ಷೆ ಕ್ಲಾಟ್. 120 ಪ್ರಶ್ನೆ, 2 ತಾಸು, ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ 0.25 ಕಡಿತ. ಪ್ರಚಲಿತ ವಿದ್ಯಮಾನ ಮತ್ತು ಕಾನೂನು ತರ್ಕ ತಲಾ 28ರಿಂದ 32, ಇಂಗ್ಲಿಷ್ ಮತ್ತು ತರ್ಕ ತಲಾ 22ರಿಂದ 26, ಗಣಿತ 10ರಿಂದ 14 ಪ್ರಶ್ನೆ. ಈ ವಿಶ್ವವಿದ್ಯಾಲಯಗಳ ಬಿಎಸ್ಸಿ ಎಲ್‌ಎಲ್‌ಬಿಗೂ ಇದೇ ಪರೀಕ್ಷೆ, ಇದರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಒಂದು ಪ್ರಶ್ನೆಯೂ ಇಲ್ಲ.

ಸೈನ್ಸ್ ವಿದ್ಯಾರ್ಥಿಗಳು ಇಲ್ಲಿ ಸೋಲುವುದು ಓದುವ ವೇಗದಲ್ಲಿ. ಪ್ರಶ್ನೆಗಳೆಲ್ಲ ಸುಮಾರು 450 ಪದಗಳವರೆಗಿನ ಗದ್ಯಭಾಗದ ಕೆಳಗೆ ಬರುತ್ತವೆ. ಸೂತ್ರ ಹಾಕಿ ಉತ್ತರ ತೆಗೆದು ಅಭ್ಯಾಸವಾದ ಕಣ್ಣಿಗೆ ಇಷ್ಟು ಓದು ಮೊದಮೊದಲು ಭಾರ. ಪ್ರಥಮ ಪಿಯುಸಿಯಿಂದಲೇ ದಿನಕ್ಕೆ ಒಂದು ಇಂಗ್ಲಿಷ್ ಪತ್ರಿಕೆಯ ಎರಡು ಸಂಪಾದಕೀಯಗಳನ್ನು ಓದಿ, ಪ್ರತಿಯೊಂದರ ವಾದವನ್ನು ಮೂರು ಸಾಲಿನಲ್ಲಿ ಬರೆಯಿರಿ. ಕನ್ನಡ ಮಾಧ್ಯಮದಿಂದ ಬಂದವರು ಇದನ್ನು ಆರು ತಿಂಗಳು ಬಿಡದೆ ಮಾಡಿದರೆ ವ್ಯತ್ಯಾಸ ಅವರಿಗೇ ಕಾಣುತ್ತದೆ. ಪರೀಕ್ಷೆ ಸಾಮಾನ್ಯವಾಗಿ ಡಿಸೆಂಬರಿನ ಮೊದಲ ವಾರದಲ್ಲಿ ನಡೆಯುತ್ತದೆ, ಅಂದರೆ ದ್ವಿತೀಯ ಪಿಯುಸಿಯ ಪ್ರಾಯೋಗಿಕ ಪರೀಕ್ಷೆಗಳಿಗೆ ಮುಂಚೆ. ಕ್ಲಾಟ್, ನೀಟ್, ಜೆಇಇ ಮೂರನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ, ತಯಾರಿಯ ಬಗೆಯೇ ಬೇರೆ.

ಹಂತ 5: ಎರಡು ಬಗೆಯ ಓದನ್ನು ಹೊಂದಿಸುವುದು

ಕಷ್ಟದ ಭಾಗ ಇದು. ಸೆಮಿಸ್ಟರಿಗೆ 3 ವರ್ಷದ ಕೋರ್ಸಿನಲ್ಲಿ ಕನಿಷ್ಠ 15 ವಾರ, ಸಂಯುಕ್ತ ಕೋರ್ಸಿನಲ್ಲಿ ಕನಿಷ್ಠ 18 ವಾರ, ವಾರಕ್ಕೆ ಕನಿಷ್ಠ 30 ತಾಸು ತರಗತಿ ಇರಬೇಕೆಂದು ನಿಯಮವೇ ಇದೆ. ಅದರ ಮೇಲೆ ಲ್ಯಾಬ್ ರೆಕಾರ್ಡ್, ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಸ್ಪರ್ಧೆ, ಪ್ರಾಜೆಕ್ಟ್.

ವಿಜ್ಞಾನದಲ್ಲಿ ಅಧ್ಯಾಯ ಅರ್ಥವಾದರೆ ಉತ್ತರ ಬರೆಯಬಹುದು. ಕಾನೂನಿನಲ್ಲಿ ಅರ್ಥವಾದದ್ದು ಸಾಲದು, ಯಾವ ಕಲಂ, ಯಾವ ತೀರ್ಪು ಎಂದು ತೋರಿಸಬೇಕು. ಸೈನ್ಸ್ ಹಿನ್ನೆಲೆಯವರ ಉತ್ತರ ಪತ್ರಿಕೆಯಲ್ಲಿ ಎದ್ದು ಕಾಣುವ ಕೊರತೆ ಎಂದರೆ ನೇರವಾಗಿ ತೀರ್ಮಾನಕ್ಕೆ ಹಾರುವುದು. ಸಮಸ್ಯೆಯ ಪ್ರಶ್ನೆಗೆ ಹೀಗೆ ಬರೆಯಿರಿ: ಮೊದಲು ವಿವಾದದ ಪ್ರಶ್ನೆ ಯಾವುದು, ನಂತರ ಅನ್ವಯವಾಗುವ ಕಲಂ ಮತ್ತು ತೀರ್ಪು, ಮೂರನೆಯದಾಗಿ ಕೊಟ್ಟ ಸಂಗತಿಗಳಿಗೆ ಅದು ಹೇಗೆ ಹೊಂದುತ್ತದೆ, ಕೊನೆಗೆ ತೀರ್ಮಾನ. ಮೂರನೇ ಭಾಗ ಎಲ್ಲಕ್ಕಿಂತ ಉದ್ದವಿರಲಿ, ಅಂಕ ಬೀಳುವುದು ಅಲ್ಲಿ.

ತೀರ್ಪು ಓದುವುದನ್ನು ಮೊದಲ ಸೆಮಿಸ್ಟರಿನಲ್ಲೇ ರೂಢಿಸಿಕೊಳ್ಳಿ. ಎ4 ಹಾಳೆಯ ಒಂದೇ ಮಗ್ಗುಲಲ್ಲಿ ಇಷ್ಟನ್ನು ಬರೆದುಕೊಳ್ಳಿ: ಪ್ರಕರಣದ ಹೆಸರು, ನ್ಯಾಯಾಲಯ, ವರ್ಷ, ಐದು ಸಾಲಿನಲ್ಲಿ ಸಂಗತಿ, ನ್ಯಾಯಾಲಯದ ಮುಂದಿದ್ದ ಪ್ರಶ್ನೆ, ಕೊಟ್ಟ ಉತ್ತರ, ಆ ಉತ್ತರಕ್ಕೆ ಆಧಾರವಾದ ಕಾರಣ, ಪ್ರಸಂಗವಶಾತ್ ಹೇಳಿದ, ಮುಂದಿನ ಪ್ರಕರಣಗಳನ್ನು ಕಟ್ಟಿಹಾಕದ ಮಾತುಗಳು. ಕೊನೆಯ ಎರಡನ್ನು ಬೇರ್ಪಡಿಸುವುದೇ ಕಾನೂನಿನ ಓದು. ಅಭ್ಯಾಸಕ್ಕೆ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣ ತೆಗೆದುಕೊಳ್ಳಿ. 2010ರ ಮೇ 5ರ ಈ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ನಾರ್ಕೊ, ಪಾಲಿಗ್ರಾಫ್, ಮಿದುಳಿನ ಚಿತ್ರಣದ ಪರೀಕ್ಷೆ ನಡೆಸುವುದು ಸಂವಿಧಾನದ 20(3)ನೇ ವಿಧಿಗೆ ವಿರುದ್ಧ ಎಂದಿತು. ಅದರಲ್ಲಿ ಪ್ರತಿಯೊಂದು ಪರೀಕ್ಷೆಯೂ ಹೇಗೆ ನಡೆಯುತ್ತದೆ, ಎಲ್ಲಿ ತಪ್ಪು ಫಲಿತಾಂಶ ಬರಬಹುದು ಎಂಬ ವೈಜ್ಞಾನಿಕ ವಿವರ ಪುಟಗಟ್ಟಲೆ ಇದೆ. ವಿಜ್ಞಾನದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಸಿಗಲಿಕ್ಕಿಲ್ಲ.

ಬೇರ್ ಆಕ್ಟ್, ಅಂದರೆ ವ್ಯಾಖ್ಯಾನವಿಲ್ಲದ ಕಾಯ್ದೆಯ ಮೂಲಪಾಠ, ಪ್ರತಿದಿನ ಕೈಯಲ್ಲಿರಲಿ. ಗೈಡ್ ಓದಿ ಪಾಸಾಗಬಹುದು, ಕೋರ್ಟಿನಲ್ಲಿ ನಿಂತಾಗ ಗೈಡ್ ಕೆಲಸಕ್ಕೆ ಬಾರದು. ದಿನಕ್ಕೆ ಐದು ಕಲಂ ಸಾಕು, ಆದರೆ ವಿವರಣೆ, ವಿನಾಯಿತಿ, ಉದಾಹರಣೆಗಳ ಸಮೇತ ಓದಿ. ಹಳೇ ಪುಸ್ತಕಗಳ ಬಗ್ಗೆ ಎಚ್ಚರ: 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆಗಳ ಬದಲಿಗೆ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿವೆ. ಅದಕ್ಕೂ ಹಿಂದೆ ನಡೆದ ಅಪರಾಧಕ್ಕೆ ಐಪಿಸಿಯೇ ಅನ್ವಯ. ಹಾಗಾಗಿ ಇನ್ನೂ ಹಲವು ವರ್ಷ ಎರಡೂ ಸಂಖ್ಯೆಗಳು ನಾಲಿಗೆಯ ಮೇಲಿರಬೇಕು. ಹಳೆಯದು, ಹೊಸದು ಎರಡು ಕಾಲಂ ಹಾಕಿ ಪಟ್ಟಿ ನೀವೇ ತಯಾರಿಸಿ. ತಜ್ಞರ ಅಭಿಪ್ರಾಯ ಹಿಂದೆ ಸಾಕ್ಷ್ಯ ಕಾಯ್ದೆಯ 45ನೇ ಕಲಂ, ಈಗ 39. ವಿದ್ಯುನ್ಮಾನ ದಾಖಲೆ ಹಿಂದೆ 65ಬಿ, ಈಗ 63.

ಈ 63ನೇ ಕಲಮಿನಲ್ಲಿ ನಿಮ್ಮ ವಿಜ್ಞಾನ ನೇರವಾಗಿ ಬಳಕೆಗೆ ಬರುತ್ತದೆ. ಮೊಬೈಲ್ ವಿಡಿಯೊ ಹಾಜರುಪಡಿಸುವಾಗ ಕೊಡಬೇಕಾದ ಪ್ರಮಾಣಪತ್ರಕ್ಕೆ ಎ ಮತ್ತು ಬಿ ಎಂದು ಎರಡು ಭಾಗ. ಎ ಭಾಗ ಹಾಜರುಪಡಿಸುವವರದು, ಬಿ ಭಾಗ ತಜ್ಞರದು. ಎರಡರಲ್ಲೂ ಕಡತದ ಹ್ಯಾಶ್ ಮೌಲ್ಯ (ಕಡತದೊಳಗಿನ ದತ್ತಾಂಶದಿಂದ ಲೆಕ್ಕಹಾಕಿ ತೆಗೆಯುವ, ಅದರ ಬೆರಳಚ್ಚಿನಂಥ ಸಂಕೇತ) ಮತ್ತು ಅದನ್ನು ತೆಗೆದ ವಿಧಾನ ನಮೂದಿಸಬೇಕು. ಹ್ಯಾಶ್ ಎಂದರೇನು, ಒಂದು ಅಕ್ಷರ ಬದಲಾದರೂ ಅದೇಕೆ ಪೂರ್ತಿ ಬೇರೆಯಾಗುತ್ತದೆ ಎಂಬುದನ್ನು ನ್ಯಾಯಾಧೀಶರಿಗೆ ನಾಲ್ಕು ವಾಕ್ಯದಲ್ಲಿ ಹೇಳಲು ಕಲಿಯಿರಿ. ನಿಮ್ಮ ಜಿಲ್ಲಾ ನ್ಯಾಯಾಲಯದ ಭಾಷೆ ಕನ್ನಡ, ಆದ್ದರಿಂದ ಕನ್ನಡದಲ್ಲೂ ಹೇಳಿ ಅಭ್ಯಾಸ ಮಾಡಿ.

ಲ್ಯಾಬ್ ರೆಕಾರ್ಡನ್ನು ಪ್ರಯೋಗ ಮಾಡಿದ ದಿನ ರಾತ್ರಿಯೇ ಮುಗಿಸಿ. ಅಂಕಕ್ಕಾಗಿ ಮಾತ್ರವಲ್ಲ. ಯಾವ ಬಾಟಲಿ, ಯಾವ ಸಮಯ, ಯಾರು ತೂಗಿದರು ಎಂದು ಅಲ್ಲೇ ಬರೆದಿಡುವ ಶಿಸ್ತೇ ಮುಂದೆ ಸಾಕ್ಷ್ಯದ ಕೈಬದಲಿನ ಸರಪಳಿಯನ್ನು ಪರಿಶೀಲಿಸುವಾಗ ಬೇಕಾಗುವ ಕಣ್ಣು. ಮಾದರಿ ಪೊಲೀಸ್ ಠಾಣೆಯಿಂದ ಪ್ರಯೋಗಾಲಯಕ್ಕೆ ಹೋಗುವಷ್ಟರಲ್ಲಿ ಮೊಹರು, ದಿನಾಂಕ, ಸಹಿ ಇವುಗಳಲ್ಲಿ ಒಂದು ಕೊಂಡಿ ಕಳಚಿದರೂ ವರದಿ ಸಡಿಲವಾಗುತ್ತದೆ.

ಹಂತ 6: ಹಾಜರಾತಿ ಮತ್ತು ಇಂಟರ್ನ್‌ಷಿಪ್

ಪ್ರತಿ ವಿಷಯದಲ್ಲೂ ಶೇ 70 ಹಾಜರಾತಿ ಬೇಕು, ಮೂಟ್ ಕೋರ್ಟಿಗೂ ಪ್ರಾಯೋಗಿಕ ತರಬೇತಿಗೂ ಸೇರಿ. ಒಟ್ಟಾರೆ ಶೇ 70 ಇದ್ದರೆ ಯಾವುದಾದರೊಂದು ವಿಷಯದಲ್ಲಿ ಶೇ 65ಕ್ಕೆ ಇಳಿದವರನ್ನು ಅಸಾಧಾರಣ ಕಾರಣವಿದ್ದರೆ ಮನ್ನಿಸಬಹುದು. ಜೋಡಿ ಪದವಿಯವರು ಕೆಡುವುದು ಲ್ಯಾಬಿನಲ್ಲಿ: ವಾರಕ್ಕೊಮ್ಮೆ ಬರುವ ಲ್ಯಾಬನ್ನು ಮೂಟ್ ಸ್ಪರ್ಧೆಗೆಂದು ಆರು ಸಲ ತಪ್ಪಿಸಿದರೆ 18 ವಾರದಲ್ಲಿ ಶೇ 67ಕ್ಕೆ ಬಂದಿರುತ್ತೀರಿ. ಸೆಮಿಸ್ಟರ್ ಶುರುವಿನಲ್ಲೇ ಮೂಟ್ ದಿನಾಂಕ, ಲ್ಯಾಬ್ ದಿನ ಎರಡನ್ನೂ ಒಂದೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಇಂಟರ್ನ್‌ಷಿಪ್ 5 ವರ್ಷದ ಕೋರ್ಸಿಗೆ ಕನಿಷ್ಠ 20 ವಾರ, 3 ವರ್ಷದ್ದಕ್ಕೆ 12 ವಾರ. ಯಾವ ವರ್ಷವೂ ಸತತ 4 ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ಕೊನೆಯ ವರ್ಷಕ್ಕೆ ಎಲ್ಲ ತಳ್ಳಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ವಿಚಾರಣಾ ನ್ಯಾಯಾಲಯದ ವಕೀಲರ ಬಳಿ, ಮೇಲ್ಮನವಿ ನ್ಯಾಯಾಲಯದ ವಕೀಲರ ಬಳಿ ಒಮ್ಮೆಯಾದರೂ ಕೆಲಸ ಮಾಡಿರಬೇಕು. ಮೊದಲ ವರ್ಷ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಎರಡನೆಯದು ತಾಲ್ಲೂಕು ಅಥವಾ ಜಿಲ್ಲಾ ನ್ಯಾಯಾಲಯದ ವಕೀಲರು, ಮೂರು ನಾಲ್ಕರಲ್ಲಿ ಹೈಕೋರ್ಟ್ ಮತ್ತು ಪರಿಸರದ ಸಂಸ್ಥೆ, ಐದರಲ್ಲಿ ಪೇಟೆಂಟ್ ಸಂಸ್ಥೆ ಎಂಬ ಕ್ರಮ ಒಳ್ಳೆಯದು. ಮೂಟ್ ಕೋರ್ಟ್ ಪತ್ರಿಕೆಗಾಗಿ ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ನೋಡಿ ಡೈರಿ ಬರೆಯಬೇಕು. ಕ್ರಿಮಿನಲ್ ಪ್ರಕರಣ ಆರಿಸುವಾಗ ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞರ ಪಾಟೀಸವಾಲು ಇರುವುದನ್ನೇ ಹುಡುಕಿ.

ಹಂತ 7: ಪೇಟೆಂಟ್ ಏಜೆಂಟ್ ಪರೀಕ್ಷೆಯ ತಯಾರಿ

ಬೇರೆಯವರ ಪರವಾಗಿ ಪೇಟೆಂಟ್ ಅರ್ಜಿ ತಯಾರಿಸಿ ಸಲ್ಲಿಸುವವರೇ ಪೇಟೆಂಟ್ ಏಜೆಂಟ್. ಪೇಟೆಂಟ್ ಕಾಯ್ದೆಯ 126ನೇ ಕಲಂ ಪ್ರಕಾರ ಏಜೆಂಟಾಗುವವರು ಭಾರತದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು, ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಇರಬೇಕು, ಪರೀಕ್ಷೆ ಪಾಸಾಗಬೇಕು. ಎಲ್‌ಎಲ್‌ಬಿ ಕಡ್ಡಾಯವಲ್ಲ ಎಂಬುದನ್ನು ಗಮನಿಸಿ. ಬಿಎಸ್ಸಿ ಮುಗಿದ ಮೇಲೆ ಎಲ್‌ಎಲ್‌ಬಿ ಓದುತ್ತಿರುವಾಗಲೇ ಇದಕ್ಕೆ ತಯಾರಾಗಬಹುದು, ಆರು ವರ್ಷದ ದಾರಿಯ ಇನ್ನೊಂದು ಅನುಕೂಲ ಇದು. ಒಂದು ಪತ್ರಿಕೆ ಕಾಯ್ದೆ ಮತ್ತು ನಿಯಮಗಳ ಮೇಲೆ, ಇನ್ನೊಂದು ವಿವರಣಾಪತ್ರ (ಆವಿಷ್ಕಾರವನ್ನು ವಿವರಿಸುವ ದಾಖಲೆ) ಬರೆಯುವುದು ಮತ್ತು ಅರ್ಥೈಸುವುದರ ಮೇಲೆ, ಕೊನೆಗೆ ಮೌಖಿಕ ಪರೀಕ್ಷೆ.

ಜನ ಫೇಲಾಗುವುದು ಎರಡನೆಯದರಲ್ಲಿ. ಸಂಶೋಧನಾ ಪ್ರಬಂಧದ ಭಾಷೆಯಲ್ಲೇ ಹಕ್ಕುಗಳನ್ನು (ಕ್ಲೇಮ್, ಅಂದರೆ ಪೇಟೆಂಟಿನ ರಕ್ಷಣೆ ಎಲ್ಲಿಯವರೆಗೆ ಎಂದು ಹೇಳುವ ವಾಕ್ಯಗಳು) ಬರೆಯುತ್ತಾರೆ. ಪ್ರಬಂಧದಲ್ಲಿ "ಸುಮಾರು 60 ಡಿಗ್ರಿಯಲ್ಲಿ ಬಿಸಿ ಮಾಡಿದೆವು" ಎನ್ನಬಹುದು. ಹಕ್ಕಿನಲ್ಲಿ 60 ಎಂದು ಕಟ್ಟಿಹಾಕಿದರೆ ಎದುರಾಳಿ 66ರಲ್ಲಿ ಬಿಸಿ ಮಾಡಿ ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಾನೆ. 20ರಿಂದ 200 ಎಂದು ಬಿಚ್ಚಿದರೆ ಹಿಂದೆಯೇ ಪ್ರಕಟವಾದ ಯಾವುದೋ ಕೆಲಸ ಅದರೊಳಗೆ ಬಿದ್ದು ಹೊಸತನವೇ ಹೋಗುತ್ತದೆ. ನಿಮ್ಮ ಪ್ರಯೋಗದ ದತ್ತಾಂಶ ಎಲ್ಲಿಯವರೆಗೆ ಆಧಾರ ಕೊಡುತ್ತದೋ ಅಲ್ಲಿಯವರೆಗೆ ವಿಶಾಲ ಹಕ್ಕು, ಅದರೊಳಗೆ ಕಿರಿದಾದ ಅವಲಂಬಿತ ಹಕ್ಕುಗಳು ಎಂಬ ಕ್ರಮದಲ್ಲಿ ಬರೆಯಬೇಕು.

ಅಭ್ಯಾಸಕ್ಕೆ ಹೀಗೆ ಮಾಡಿ. ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ನಿಮ್ಮ ವಿಷಯದ, ಅವಧಿ ಮುಗಿದ ಒಂದು ಪೇಟೆಂಟ್ ಹುಡುಕಿ. ಹಕ್ಕುಗಳ ಪುಟ ಮುಚ್ಚಿಟ್ಟು ವಿವರಣೆ ಮಾತ್ರ ಓದಿ. ಮುಖ್ಯ ಹಕ್ಕು ಒಂದು, ಅವಲಂಬಿತ ಹಕ್ಕು ಐದು, 150 ಪದ ಮೀರದ ಸಾರಾಂಶ ಒಂದು ಬರೆಯಿರಿ. ಆಮೇಲೆ ಮೂಲದ ಜೊತೆ ಹೋಲಿಸಿ, ನೀವು ಬಿಟ್ಟ ಅಂಶ ಯಾವುದು, ಬೇಡದೆ ಸೇರಿಸಿದ ಮಿತಿ ಯಾವುದು ಎಂದು ಗುರುತಿಸಿ. ವಾರಕ್ಕೊಂದು ಸಾಕು. ಜೊತೆಗೆ ಗಡುವುಗಳನ್ನು ಬಾಯಿಪಾಠ ಮಾಡಿ: ತಾತ್ಕಾಲಿಕ ವಿವರಣಾಪತ್ರದ ನಂತರ ಪೂರ್ಣ ವಿವರಣಾಪತ್ರಕ್ಕೆ 12 ತಿಂಗಳು; ಪರಿಶೀಲನೆಯ ಕೋರಿಕೆಗೆ ಹಿಂದೆ 48 ತಿಂಗಳಿದ್ದುದು 2024ರ ಮಾರ್ಚ್ ತಿದ್ದುಪಡಿಯಿಂದ 31; ಪೇಟೆಂಟ್ ಅವಧಿ 20 ವರ್ಷ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ.

ಹಂತ 8: ಸನದು

ಎಲ್‌ಎಲ್‌ಬಿ ಆದಮೇಲೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. 2024ರ ಜುಲೈ 30ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ 125 ರೂಪಾಯಿ ಮೀರುವಂತಿಲ್ಲ. ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ 100 ಪ್ರಶ್ನೆ, ತಪ್ಪಿಗೆ ಅಂಕ ಕಡಿತವಿಲ್ಲ, ಟಿಪ್ಪಣಿಯಿಲ್ಲದ ಬೇರ್ ಆಕ್ಟ್ ಒಳಗೆ ಒಯ್ಯಬಹುದು. ಬೇರ್ ಆಕ್ಟ್‌ನಲ್ಲಿ ಕಲಂ ಬೇಗ ಹುಡುಕುವ ಅಭ್ಯಾಸ ಇದ್ದವರಿಗೆ ಇದು ಕಷ್ಟವಲ್ಲ.

ಸನದು ಪಡೆದವರು ಪೂರ್ಣಾವಧಿ ಸಂಬಳದ ನೌಕರಿ ಮಾಡುವಂತಿಲ್ಲ. ಕಂಪನಿಯ ಸಂಶೋಧನಾ ವಿಭಾಗಕ್ಕೋ ಸರ್ಕಾರಿ ಪ್ರಯೋಗಾಲಯಕ್ಕೋ ಸೇರುವುದಾದರೆ ಸನದನ್ನು ಅಮಾನತಿನಲ್ಲಿಡಲು ಪರಿಷತ್ತಿಗೆ ಮೊದಲೇ ತಿಳಿಸಿ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ 2025ರ ಮೇ 20ರ ತೀರ್ಪು ಮೂರು ವರ್ಷದ ವಕೀಲಿ ಅನುಭವವನ್ನು ಮತ್ತೆ ಕಡ್ಡಾಯ ಮಾಡಿದೆ. ಆ ಎಣಿಕೆ ತಾತ್ಕಾಲಿಕ ನೋಂದಣಿಯ ದಿನದಿಂದ ಶುರುವಾಗುತ್ತದೆ, ಆದ್ದರಿಂದ ಫಲಿತಾಂಶ ಬಂದ ವಾರವೇ ನೋಂದಣಿಯ ಕಾಗದಪತ್ರ ಸಿದ್ಧಮಾಡಿಕೊಳ್ಳಿ.